ಮಗಳಿಗೊಂದು ಪತ್ರ: ಬಿದ್ದದ್ದು ಆ ರಾತ್ರಿಯಲ್ಲ

ಪುಟ್ಟೀ,

ನಿನ್ನೆ ಫೋನಿನಲ್ಲಿ ಗದರಿದ್ದು ತಪ್ಪಾಯಿತು. ಫೆಬ್ರವರಿ 13ಕ್ಕೇ, ಅದೂ ಒಬ್ಬಳೇ ಜರ್ಮನಿಯ ಡ್ರೆಸ್ಡೆನ್‌ಗೆ ಹೋಗ್ತೀನಿ ಅಂದಾಗ ಬಾಯಿಗೆ ಬಂದದ್ದು ಅಂದುಬಿಟ್ಟೆ. ಹೋಗು. ಆದರೆ "ಹೊಸದಾಗಿ ಕಟ್ಟಿದ ಚರ್ಚ್ ತಾನೇ, ಏನು ಮಹಾ" ಅಂದೆಯಲ್ಲ, ಅದು ತಲೆಯಲ್ಲೇ ಕೊರೀತಾ ಇದೆ.

ಆ ಚರ್ಚ್, ಫ್ರೌಯೆನ್‌ಕಿರ್ಖೆ, ಎರಡನೇ ಮಹಾಯುದ್ಧದ ಬಾಂಬ್ ದಾಳಿಯ ರಾತ್ರಿ ಬೀಳಲಿಲ್ಲ. 1945ರ ಫೆಬ್ರವರಿ 13ರ ರಾತ್ರಿ ಊರು ಹೊತ್ತಿಕೊಂಡಿತು. 14ರಂದು ಗುಮ್ಮಟ ನೆಟ್ಟಗೆ ನಿಂತೇ ಇತ್ತು. ಒಳಗೆ ಮರದ ಗ್ಯಾಲರಿ, ಬೆಂಚುಗಳೆಲ್ಲ ಉರಿದು, ಮರಳುಗಲ್ಲಿನ ಎಂಟು ಕಂಬಗಳು ಕಾದು ಸಿಡಿಯುತ್ತಿದ್ದವು. ಮೇಲಿನ ಗುಮ್ಮಟವೂ ಕಲ್ಲಿನದೇ, ಸುಮಾರು 12,000 ಟನ್. 15ರ ಬೆಳಿಗ್ಗೆ ಹತ್ತರ ಸುಮಾರಿಗೆ ಕಂಬ ಕೈಬಿಟ್ಟಿತು, ಗುಮ್ಮಟ ಕುಸಿಯಿತು. ಹಿಂದಿನ ದಿನ ಹೊರಗಿನಿಂದ ನೋಡಿದವರಿಗೆ ಏನು ಗೊತ್ತಾಗಿರಬೇಕು ಹೇಳು!

ಸುಮಾರು 50 ವರ್ಷ ಅದು ಬರೀ ಕಲ್ಲಿನ ಗುಡ್ಡ. 1994ರಲ್ಲಿ ಶುರುವಾದ ಕೆಲಸ ಮುಗಿದದ್ದು 2005ಕ್ಕೆ. ಒಂದೊಂದೇ ಕಲ್ಲು ಎತ್ತಿ, ಅಳೆದು, ನಂಬರು ಹಾಕಿ, ಗುರುತು ಸಿಕ್ಕವನ್ನು ಮೊದಲಿದ್ದ ಜಾಗಕ್ಕೇ ಕೂರಿಸಿದರು. ತಿಳಿ ಬಣ್ಣದ ಗೋಡೆಯಲ್ಲಿ ಅಲ್ಲಲ್ಲಿ ಚುಕ್ಕೆಯಂತಿರುವ ಕಪ್ಪು ಕಲ್ಲುಗಳು ಅವೇ. ಬೆಂಕಿಯ ಮಸಿ ಅಂದುಕೊಳ್ಳಬೇಡ. ಎಲ್ಬೆ ನದಿ ಕಡೆಯ ಈ ಮರಳುಗಲ್ಲಿನಲ್ಲಿ ಕಬ್ಬಿಣದಂಶವಿದೆ, ಗಾಳಿಮಳೆಗೆ ತಾನಾಗಿಯೇ ಕಪ್ಪಾಗುತ್ತದೆ. ಇಂದಿನ ತಿಳಿ ಕಲ್ಲೂ ಮುಂದೆ ಹಾಗೇ ಆಗುವುದು. ಉದ್ದಕ್ಕೂ ಇಡಿಯಾಗಿ ಕಪ್ಪಗಿರುವ ವಾಯವ್ಯ ಮೂಲೆಯ ಹತ್ತಿರ ನಿಂತು ನೋಡು. ಅದು ಬೀಳದೆ ಉಳಿದ ಭಾಗ. ಒಳಗೆ ಅವಶೇಷದಲ್ಲಿ ಸಿಕ್ಕ ಸೊಟ್ಟಗಾದ ಹಳೇ ಶಿಲುಬೆಯಿದೆ. ಗುಮ್ಮಟದ ಮೇಲಿನ ಹೊಸ ಶಿಲುಬೆ ಮಾಡಿದ ಲಂಡನ್ನಿನ ಅಕ್ಕಸಾಲಿಯ ಅಪ್ಪ ಆ ದಾಳಿಯ ವಿಮಾನ ಓಡಿಸಿದವರಲ್ಲೊಬ್ಬ.

ಗುಮ್ಮಟ ಹತ್ತಲು ಬಾಗಿಲು 'ಜಿ'. 24 ಮೀಟರ್‌ವರೆಗೆ ಲಿಫ್ಟು, ಆಮೇಲೆ ಸುತ್ತಿ ಏರುವ ಇಳಿಜಾರು, ಕೊನೆಗೆ ಕಡಿದಾದ ಮೆಟ್ಟಿಲು. 67 ಮೀಟರ್ ಎತ್ತರದಲ್ಲಿ ಗಾಳಿ ಮುಖಕ್ಕೇ ಹೊಡೆಯುತ್ತದೆ. ಹಿಮ ಕಟ್ಟಿದ್ದರೆ ಬಿಡುವುದಿಲ್ಲ, ಹಟ ಮಾಡಬೇಡ. ಗಟ್ಟಿ ಸೋಲಿನ ಬೂಟು, ಕಿವಿ ಮುಚ್ಚುವ ಟೋಪಿ. ಸರಿ ಸರಿ, ನಿನಗೆ ಗೊತ್ತು.

13 ಆ ದಾಳಿಯ ನೆನಪಿನ ದಿನ. ಅವತ್ತು ಬಲಪಂಥೀಯರ ಮೆರವಣಿಗೆ, ಅದಕ್ಕೆದುರು ಪ್ರತಿಭಟನೆ ನಡೆಯುವುದುಂಟು. ಟ್ರಾಮ್ ದಾರಿ ಬದಲಾಗುತ್ತದೆ. ಕೈಕೈ ಹಿಡಿದು ನಿಲ್ಲುವ ಮಾನವ ಸರಪಳಿಯ ಜತೆಗಿರು, ಪೊಲೀಸರ ಸಾಲಿನ ಹತ್ತಿರ ಬೇಡ. ರಾತ್ರಿ 9.45ಕ್ಕೆ ಊರಿನ ಚರ್ಚುಗಳ ಗಂಟೆಗಳೆಲ್ಲ ಬಾರಿಸುತ್ತವೆ. ಇಲ್ಲಿ ಆಗ ಎರಡೂಕಾಲು. ಎದ್ದೇ ಇರುತ್ತೇನೆ, ಫೋನ್ ಮಾಡು. ಬರೀ "ಆರಾಮಿದ್ದೀನಿ" ಅಂತ ಮೆಸೇಜ್ ಹಾಕಬೇಡ. ಎರಡು ದಿನ ಬಿಟ್ಟು, 15ಕ್ಕೂ ಒಂದು ಸಲ ಮಾಡು.

ಅಪ್ಪ