ತಲೆಕೆಳಗಾದ ನಾಣ್ಯ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಚೀನಾದ ಹಳೇ ಕಂಚಿನ ನಾಣ್ಯಗಳ ಲೇಖನ ಓದಿದೆ. ತೂತು, ಕೆಂಪು ದಾರ, ಅದೃಷ್ಟ, ಇಷ್ಟರಲ್ಲೇ ಪುಟ ಮುಗಿದಿದೆ. ನಾಣ್ಯದ ಮೇಲಿನ ಬರಹದ ಬಗ್ಗೆ ಒಂದು ಸಾಲೂ ಇಲ್ಲ. ಜೊತೆಗೆ ಚಿತ್ರ ತಲೆಕೆಳಗಾಗಿ ಅಚ್ಚಾಗಿದೆ!

ನಡುವಿನ ಚೌಕ ತೂತಿಗೂ ಅದೃಷ್ಟಕ್ಕೂ ಸಂಬಂಧ ಇಲ್ಲ. ಎರಕ ಹೊಯ್ದ ನಾಣ್ಯದ ಅಂಚು ಒರಟಾಗಿರುತ್ತದೆ, ಅದಕ್ಕೇ ಹತ್ತಾರು ನಾಣ್ಯಗಳನ್ನು ಚೌಕ ಸರಳಿಗೆ ಏರಿಸಿ ಒಟ್ಟಿಗೆ ಅರ ಹಾಕಿ ಉಜ್ಜುತ್ತಿದ್ದರು. ತೂತು ದುಂಡಗಿದ್ದರೆ ನಾಣ್ಯ ಗಿರಗಿರ ತಿರುಗುತ್ತಿತ್ತು, ಅಷ್ಟೇ.

ಬರಹದ ವಿಷಯ ಹಾಗಲ್ಲ. ಕ್ರಿ.ಪೂ. 118ರಲ್ಲಿ ಶುರುವಾದ ವು ಝು ನಾಣ್ಯದ ಮೇಲೆ ಇದ್ದದ್ದು ಬರೀ ತೂಕ. 'ವು ಝು' ಅಂದರೆ ಐದು ಝು, ಝು ಎಂಬುದು ಆಗಿನ ತೂಕದ ಅಳತೆ. ಕ್ರಿ.ಶ. 621ರಲ್ಲಿ ಟಾಂಗ್ ವಂಶದ ದೊರೆ ಕೈಯುವಾನ್ ತುಂಗ್‌ಬಾವ್ ನಾಣ್ಯ ತಂದಾಗ ಅಕ್ಷರ ಬರೆದವರು ಓಯಾಂಗ್ ಶ್ಯುನ್, ಆ ಕಾಲದ ದೊಡ್ಡ ಲಿಪಿಕಾರರು. ತೂತಿನ ಸುತ್ತ ನಾಲ್ಕೇ ಅಕ್ಷರ. ಅದನ್ನು ಮೇಲಿನಿಂದ ಕೆಳಗೆ ಓದಬೇಕೋ, ಸುತ್ತಲೂ ಓದಬೇಕೋ ಎಂಬ ಜಗಳ ಇವತ್ತಿಗೂ ನಿಂತಿಲ್ಲ.

ಆಮೇಲೆ ಸಾಂಗ್ ವಂಶದ ದೊರೆಗಳು ತಾವೇ ಕುಂಚ ಹಿಡಿದರು. ತೈಜಾಂಗ್ ದೊರೆ ಒಂದೇ ನಾಣ್ಯಕ್ಕೆ ಮೂರು ಬಗೆಯ ಕೈಬರಹ ಕೊಟ್ಟ: ನೆಟ್ಟಗಿನದು, ಹರಿಯುವಂಥದು, ಇನ್ನೊಂದು ಪೂರಾ ಗೀಚಿದ ಹಾಗೆ. ನನಗೆ ಜಾಸ್ತಿ ಇಷ್ಟ ಹುಯಿಜಾಂಗ್ ದೊರೆಯದು. ಗೆರೆ ತಂತಿಯಷ್ಟು ತೆಳು, ತುದಿಯಲ್ಲಿ ಚಾಕುವಿನ ಮೊನೆ. ಅಂಥ ಗೆರೆಯನ್ನು ಕಾಗದದ ಮೇಲೆ ಎಳೆಯುವುದೇ ಕಷ್ಟ, ಅದನ್ನು ಮರಳಿನ ಅಚ್ಚಿಗೆ ಒತ್ತಿ, ಕಾದ ಕಂಚು ಸುರಿದು, ಮುರಿಯದ ಹಾಗೆ ತೆಗೆಯುವುದು ಅಂದರೆ ಸುಮ್ನೆ ಮಾತಲ್ಲ ಅಲ್ವಾ? ರಾಜ್ಯ ಆಳುವುದರಲ್ಲಿ ಮಾತ್ರ ಆತ ಸೋತ. 1127ರಲ್ಲಿ ಉತ್ತರದ ಜಿನ್ ರಾಜ್ಯದ ಸೈನ್ಯ ಆತನನ್ನು ಸೆರೆ ಹಿಡಿದುಕೊಂಡು ಹೋಯಿತು, ಅಲ್ಲೇ ತೀರಿಕೊಂಡ.

ಈ ಅಕ್ಷರಗಳಿಂದ ಇನ್ನೊಂದು ಉಪಯೋಗವೂ ಇತ್ತು. ಕಳ್ಳ ಅಚ್ಚಿನವರು ಓಡಾಡಿದ ನಾಣ್ಯವನ್ನೇ ಮರಳಿಗೆ ಒತ್ತಿ ಎರಕ ಹೊಯ್ದರೆ ನಾಣ್ಯ ಕೊಂಚ ಚಿಕ್ಕದಾಗುತ್ತದೆ, ಗೆರೆ ಮಸುಕಾಗುತ್ತದೆ. ಕಣ್ಣು ಪಳಗಿದವರಿಗೆ ಕೂಡಲೇ ಗೊತ್ತಾಗುತ್ತದೆ.

ನೀವು ಹಾಕಿರುವುದು ಇದೇ ಹುಯಿಜಾಂಗ್‌ನ ದಾಗ್ವಾನ್ ತುಂಗ್‌ಬಾವ್. ಮೇಲಿರಬೇಕಾದ 'ದಾ' ಅಕ್ಷರ ಕೈ ಚಾಚಿ, ಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿದೆ. ನಿಮ್ಮ ಪುಟದಲ್ಲಿ ಅವನು ಕೆಳಗಡೆ ಶೀರ್ಷಾಸನ ಹಾಕಿದ್ದಾನೆ. ಮುಂದಿನ ವಾರ ಅವನನ್ನು ನೆಟ್ಟಗೆ ನಿಲ್ಲಿಸಿ, ಸ್ವಲ್ಪ ದೊಡ್ಡದಾಗಿ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ