ಕ್ರೀಮು ಕಳಿಸೋದಿಲ್ಲವ್ವ

ಬ್ರಿಸ್ಟಲ್
18 ಆಗಸ್ಟ್ 2024, ಭಾನುವಾರ

ಅವ್ವನಿಗೆ ನಮಸ್ಕಾರಗಳು. ನಾನು ಕ್ಷೇಮ. ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಮಂಜನ ಕೈಲಿ ಬರೆಸಿ ಫೋಟೋ ತೆಗೆಸಿ ಕಳಿಸಿದ ಪತ್ರ ಸಿಕ್ಕಿತು. ಅವನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಮೂರು ಸಲ ಓದಿದೆ.

ಮೊದಲು ನಮ್ಮ ತುಂಗಭದ್ರಾ ಡ್ಯಾಮಿನ ಸುದ್ದಿ ಹೇಳು. 19ನೇ ಗೇಟು ಕೊಚ್ಚಿಹೋಯಿತು ಅಂತ ಗೊತ್ತಾದ ಮೇಲೆ ಡ್ಯೂಟಿ ಮಧ್ಯೆ ಕದ್ದು ಕದ್ದು ಮೊಬೈಲ್ ನೋಡುತ್ತಿದ್ದೆ. ಆ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಕೂರಿಸಿದರು ಅಂತ ಓದಿ ಉಸಿರು ಬಿಟ್ಟೆ. ಕಾಲುವೆಗೆ ನೀರು ನಿಲ್ಲಿಸಲಿಲ್ಲ ತಾನೇ? ಎರಡನೇ ಬೆಳೆ ಬಗ್ಗೆ ಅಪ್ಪ ಏನಂತಾರೆ? ಪಂಚಮಿ ಉಂಡಿ ಯಾರ ಕೈಲೂ ಕಳಿಸಬೇಡ, ಹೋದ ಸಲ ಪುಡಿಪುಡಿಯಾಗಿ ಬಂದಿತ್ತು.

ನೀನು ಟಿವಿಯಲ್ಲಿ ನೋಡಿದ ಗಲಾಟೆ ನಿಜ. ಸೌತ್‌ಪೋರ್ಟ್ ಅನ್ನೋ ಊರಲ್ಲಿ ಜುಲೈ 29ರಂದು ಡಾನ್ಸ್ ಕ್ಲಾಸಿಗೆ ಹೋಗಿದ್ದ ಮೂರು ಪುಟ್ಟ ಹುಡುಗಿಯರನ್ನು ಒಬ್ಬ ಕೊಂದ. ಅವನು ಮೊನ್ನೆ ಮೊನ್ನೆ ದೋಣಿಯಲ್ಲಿ ಬಂದ ಮುಸ್ಲಿಂ ಅಂತ ಮೊಬೈಲಿನಲ್ಲಿ ಸುಳ್ಳು ಹಬ್ಬಿಸಿದರು. ಅವನು ಹುಟ್ಟಿದ್ದು ಇದೇ ದೇಶದ ಕಾರ್ಡಿಫ್‌ನಲ್ಲಿ. ಆದರೆ ಬೆಂಕಿ ಹಚ್ಚೋಕೆ ಹೊರಟವರಿಗೆ ಅದೆಲ್ಲ ಯಾಕೆ ಬೇಕು? ಮಸೀದಿ ಮೇಲೆ ಕಲ್ಲು ಬಿತ್ತು. ಆಶ್ರಯ ಕೇಳಿ ಬಂದವರು ಇದ್ದ ಹೋಟೆಲುಗಳಿಗೆ ನುಗ್ಗಿದರು.

ನಮ್ಮೂರಲ್ಲೂ, ಅಂದರೆ ಬ್ರಿಸ್ಟಲ್‌ನಲ್ಲೂ, ಆಗಸ್ಟ್ 3ರಂದು ಅಂಥ ಒಂದು ಹೋಟೆಲ್ ಕಡೆ ಬಂದರು. ಇದನ್ನ ನಿನ್ನ ಟಿವಿ ತೋರಿಸಿರಲಿಕ್ಕಿಲ್ಲ: ಊರಿನ ಜನ ಬಾಗಿಲ ಮುಂದೆ ಕೈಗೆ ಕೈ ಹೆಣೆದುಕೊಂಡು ಅಡ್ಡ ನಿಂತರು. ಮುಂದಿನ ಬುಧವಾರ ಮತ್ತೆ ಬರುತ್ತಾರೆ ಅಂತ ಸುದ್ದಿ. ಅಂಗಡಿಯವರು ಗಾಜಿಗೆ ಹಲಗೆ ಹೊಡೆದರು. ಸಂಜೆ ನೋಡಿದರೆ ಓಲ್ಡ್ ಮಾರ್ಕೆಟ್ ತುಂಬ ಗಲಾಟೆ ಬೇಡ ಅನ್ನೋ ಜನರೇ. ನಾನು ಹೋಗಲಿಲ್ಲ, ಡ್ಯೂಟಿ ಇತ್ತು. ಡ್ಯೂಟಿ ಇಲ್ಲದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ, ನಿಜ ಹೇಳಬೇಕಂದ್ರೆ ಗೊತ್ತಿಲ್ಲ. ಈಗ ಎಲ್ಲ ತಣ್ಣಗಾಗಿದೆ. ಹೆದರಬೇಡ. ಬಂದುಬಿಡು ಅಂತ ಮತ್ತೆ ಬರೆಸಬೇಡ.

ಇಲ್ಲಿಯ ಜನ ಕೆಟ್ಟವರಲ್ಲ. ಬಸ್ಸಿಂದ ಇಳಿಯುವಾಗ ಡ್ರೈವರ್‌ಗೆ ಎಲ್ಲರೂ ‘ಚೀರ್ಸ್ ಡ್ರೈವ್’ ಅಂತ ಕೂಗಿಯೇ ಇಳಿಯುತ್ತಾರೆ. ಗಂಗಾವತಿ ಬಸ್ಸಲ್ಲಿ ಹಾಗೆ ಕೂಗಿದರೆ ಡ್ರೈವರ್ ಬ್ರೇಕ್ ಹಾಕಿ ತಿರುಗಿ ನೋಡುತ್ತಾನೆ! ತರಕಾರಿ ಅಂಗಡಿಯ ಮುದುಕ ನನ್ನನ್ನ ‘ಮೈ ಲವರ್’ ಅಂತಾನೆ. ಗಾಬರಿ ಆಗಬೇಡ, ಈ ಊರಲ್ಲಿ ಎಲ್ಲರನ್ನೂ ಹಾಗೇ ಕರೆಯೋದು, ನಮ್ಮಲ್ಲಿ ‘ತಂಗಿ’ ಅಂದ ಹಾಗೆ.

ಆ ಬಸ್ಸಿಗೂ ಒಂದು ಕಥೆ ಇದೆ. 1963ರಲ್ಲಿ ಇಲ್ಲಿಯ ಬಸ್ ಕಂಪನಿ ಕರಿಯರಿಗೂ ನಮ್ಮಂಥವರಿಗೂ ಡ್ರೈವರ್, ಕಂಡಕ್ಟರ್ ಕೆಲಸ ಕೊಡುತ್ತಿರಲಿಲ್ಲ. ಜನ ಬಸ್ ಹತ್ತೋದೇ ಬಿಟ್ಟರು. ಏಪ್ರಿಲ್ 30ಕ್ಕೆ ಶುರುವಾಯಿತು, ಆಗಸ್ಟ್ 28ಕ್ಕೆ ಕಂಪನಿ ಬಗ್ಗಿತು. ಮೊದಲು ಕೆಲಸ ಸಿಕ್ಕಿದ್ದು ರಘಬೀರ್ ಸಿಂಗ್ ಅನ್ನೋ ನಮ್ಮ ಸರ್ದಾರ್ಜಿಗೆ. ಮೈಬಣ್ಣ ನೋಡಿ ನೌಕರಿ, ಬಾಡಿಗೆ ಮನೆ ಇಲ್ಲ ಅನ್ನಬಾರದು ಅಂತ ಕಾಯ್ದೆ ಬಂದಿದ್ದು 1968ರಲ್ಲಿ. ಅವರು ನಡೆದುಕೊಂಡು ಓಡಾಡಿದ್ದಕ್ಕೆ ನಾನು ಇವತ್ತು ಬಸ್ಸಲ್ಲಿ ಕೂತು ಡ್ಯೂಟಿಗೆ ಹೋಗುತ್ತೇನೆ. ಇದನ್ನೆಲ್ಲ ಹೇಳಿದ್ದು ನಮ್ಮ ವಾರ್ಡಿನ ಜಮೈಕಾದ ಅಕ್ಕ.

ಹೋದ ಚಳಿಗಾಲ ಅದೇ ಬಸ್ಸಲ್ಲಿ ಒಬ್ಬ ಕುಡುಕ ಸೊಮಾಲಿಯಾದ ಒಬ್ಬ ಹೆಂಗಸಿನ ತಲೆವಸ್ತ್ರ ನೋಡಿ ಬೈಯೋಕೆ ಶುರುಮಾಡಿದ. ನಾನು ತಲೆ ತಗ್ಗಿಸಿ ಮೊಬೈಲ್ ಒತ್ತುತ್ತಾ ಕೂತೆ. ಒಬ್ಬ ಬಿಳಿ ಮುದುಕಿ ಎದ್ದಳು. ಅವನ ಜೊತೆ ಜಗಳಕ್ಕೆ ಇಳಿಯಲಿಲ್ಲ. ಆ ಹೆಂಗಸಿನ ಪಕ್ಕ ಹೋಗಿ ಕೂತು, ‘ಎಷ್ಟು ಚಳಿ ಅಲ್ವಾ, ಎಲ್ಲಿ ಇಳೀತೀರಿ’ ಅಂತ ಮಾತು ತೆಗೆದಳು. ಅವನಿಗೆ ಕೇಳೋರು ಇಲ್ಲದ ಹಾಗಾಯಿತು, ಸುಮ್ಮನಾದ. ಈಗ ನಾನೂ ಹಾಗೇ ಮಾಡುತ್ತೇನೆ. ಎರಡು ಸಲ ಮಾಡಿದ್ದೇನೆ. ಹೊತ್ತು, ಬಸ್ ನಂಬರ್ ಬರೆದಿಟ್ಟುಕೊಂಡು, ಬೈಸಿಕೊಂಡವರು ಹೂಂ ಅಂದರೆ 101ಕ್ಕೆ ಫೋನ್ ಮಾಡಿ ಪೊಲೀಸರಿಗೆ ಹೇಳಬೇಕು. ಒಮ್ಮೆ ಹೇಳಿದೆ. ಜಗಳಕ್ಕೆ ಹೋಗೋದಿಲ್ಲ, ನಿನ್ನಾಣೆ.

ಇನ್ನು ನಿನ್ನ ಪತ್ರದ ಕೊನೆ ಸಾಲು. ಸಿಂಧನೂರಿನವರು ಸುಮಾಳನ್ನ ನೋಡಿ ‘ಬಣ್ಣ ಸ್ವಲ್ಪ ಕಡಿಮೆ’ ಅಂದರು, ಅದಕ್ಕೆ ಫಾರಿನ್ ಕ್ರೀಮು ಕಳಿಸು ಅಂದಿದ್ದೀಯ. ಕಳಿಸೋದಿಲ್ಲವ್ವ. ಬೆಳ್ಳಗೆ ಮಾಡೋ ಗಟ್ಟಿ ಔಷಧಿ ಇರೋ ಕ್ರೀಮನ್ನ ಡಾಕ್ಟರ್ ಚೀಟಿ ಇಲ್ಲದೆ ಮಾರೋದು ಇಲ್ಲಿ ಅಪರಾಧ. ಕಳ್ಳದಾರಿಯಲ್ಲಿ ಬರೋದರಲ್ಲಿ ಎಷ್ಟೋ ಸಲ ಪಾದರಸ ಇರುತ್ತೆ, ಕಿಡ್ನಿಗೆ ಹೊಡೆತ. ಇದು ನರ್ಸ್ ಆಗಿ ಹೇಳಿದ ಮಾತು.

ಮಗಳಾಗಿ ಇನ್ನೊಂದು ಹೇಳಬೇಕು. ರೂಮಲ್ಲಿ ಜೊತೆಗಿರೋಳು ಕೇರಳದವಳು ಅಂದಿದ್ದೆ. ಸುಳ್ಳು. ಅವಳು ನೈಜೀರಿಯಾದವಳು. ನೀನು ‘ಕರಿಯರ ಸಹವಾಸ ಬೇಡ’ ಅಂದಿದ್ದಕ್ಕೆ ಹಾಗೆ ಹೇಳಿದೆ. ಬಂದ ಮೊದಲ ವಾರ ನಾನು ಕೇಳದೇ ಅವಳ ಕೂದಲು ಮುಟ್ಟಿ ನೋಡಿದ್ದೆ, ಸಂತೆಯಲ್ಲಿ ಎತ್ತಿನ ಮೈ ಸವರಿ ನೋಡೋ ಹಾಗೆ. ಅವಳು ಏನೂ ಅನ್ನಲಿಲ್ಲ. ತಿಂಗಳಾದ ಮೇಲೆ, ಇಲ್ಲಿ ಎಲ್ಲರೂ ಹಾಗೇ ಮುಟ್ಟುತ್ತಾರೆ, ಸಾಕಾಗಿದೆ ಅಂದಳು. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ? ನಿನ್ನ ಶೇಂಗಾ ಪುಡಿಯ ಡಬ್ಬಿ ಅರ್ಧ ಖಾಲಿ ಮಾಡಿದ್ದು ಅವಳೇ. ಅವರಲ್ಲಿ ಶೇಂಗಾ ಪುಡಿಗೆ ಖಾರ ಬೆರೆಸಿ ಮಾಂಸಕ್ಕೆ ಹಚ್ಚಿ ಸುಡುತ್ತಾರಂತೆ. ಚಿಗವ್ವನ ಮುಂದೆ ಇದನ್ನ ಓದಬೇಡ.

ಸಿಂಧನೂರಿನವರು ಸುಮಾಳ ತೋಳು ತಿರುಗಿಸಿ ಮೊಣಕೈ ನೋಡಿದರು ಅಂತ ಮಂಜ ಫೋನಲ್ಲಿ ಹೇಳಿದ. ಆವಾಗ ನನಗೆ ಆ ಕೂದಲೇ ನೆನಪಾಯಿತು. ಎಂ.ಎಸ್ಸಿ. ಓದಿದ ಹುಡುಗಿ, ಚಹಾ ತಟ್ಟೆ ಹಿಡಿದು ಮೊಣಕೈ ತೋರಿಸಿ ನಿಲ್ಲೋದಾ? ಅವಳು ಅತ್ತಳಾ? ಅದನ್ನ ಯಾರೂ ಬರೆದಿಲ್ಲ. ಅವರಿಗೆ ಫೋನ್ ಮಾಡಿ ನಾವೇ ಬೇಡ ಅಂದುಬಿಡು. ಮಾವ ಸಿಟ್ಟಾದರೆ ನನ್ನ ಹೆಸರು ಹೇಳು. ಸ್ಟುಡಿಯೋದವನು ಬೆಳ್ಳಗೆ ಮಾಡಿಕೊಟ್ಟ ಫೋಟೋ ಇದೆಯಲ್ಲ, ಅದನ್ನ ಯಾರಿಗೂ ಕಳಿಸಬೇಡ.

ಇನ್ನೊಂದು ಮಾತು, ಇದು ನಿನಗೆ ಮಾತ್ರ. ಹಿತ್ತಲ ಗೋಡೆ ಮೇಲೆ ದುರುಗವ್ವಳಿಗೆ ಅಂತ ಬೇರೆ ಇಟ್ಟ ಲೋಟ. ಇಲ್ಲಿ ಕೂತು ಬಿಳಿಯರ ಬಗ್ಗೆ ಸಿಟ್ಟು ಮಾಡುವಾಗೆಲ್ಲ ಅದು ಕಣ್ಣ ಮುಂದೆ ಬರುತ್ತೆ. ಮರಕುಂಬಿಯಲ್ಲಿ ದಲಿತರ ಗುಡಿಸಲು ಸುಟ್ಟು ಈ ತಿಂಗಳಿಗೆ ಹತ್ತು ವರ್ಷ, ಕೇಸು ಇನ್ನೂ ಕೋರ್ಟಿನಲ್ಲಿದೆ. ನಾವು ಸುಟ್ಟವರಲ್ಲ, ಹೌದು. ಆದರೂ ಆ ಲೋಟ ಒಳಗೆ ತಗೊಂಡು ಉಳಿದ ಲೋಟಗಳ ಜೊತೆ ಇಡು. ಅಪ್ಪ ಕೇಳಿದರೆ ಏನು ಹೇಳಬೇಕೋ ಫೋನಲ್ಲಿ ಮಾತಾಡೋಣ.

ನಾನು ಸುರಕ್ಷಿತವಾಗಿದ್ದೇನೆ. ಸರಿಯಾಗಿ ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ, ಕತ್ತಲಾದ ಮೇಲೆ ಒಬ್ಬಳೇ ನಡೆಯೋದಿಲ್ಲ, ತೂಕ ಕೂಡ ಜಾಸ್ತಿಯಾಗಿದೆ. ಬಿಪಿ ಗುಳಿಗೆ ಬಿಡಬೇಡ. ದುಡ್ಡು ಶುಕ್ರವಾರ ಹಾಕಿದ್ದೇನೆ. ನೈಟ್ ಡ್ಯೂಟಿಯ ಬಸ್ಸಿಗೆ ಹತ್ತೇ ನಿಮಿಷ ಇದೆ. ನಾಳೆ ಫೋನ್ ಮಾಡುತ್ತೇನೆ, ಮೊದಲು ಸುಮಾಳ ಕೈಗೆ ಕೊಡು.

ನಿನ್ನ
ರೇಣು