ನೀನಿಲ್ಲದಿದ್ದರೂ ಆ ಸ್ಕ್ರೀನ್ ಹಾಗೇ ಇರುತ್ತಿತ್ತಾ?

ಚಿ. ಸ್ಮಿತಾಗೆ ದೊಡ್ಡಪ್ಪನ ಆಶೀರ್ವಾದ.

ಊರಿನ ಸುದ್ದಿ ನಿಮ್ಮಮ್ಮ ಫೋನಿನಲ್ಲೇ ಹೇಳಿರುತ್ತಾಳೆ, ಬಿಡು. ಸ್ಕ್ರೀನ್ ವಿನ್ಯಾಸ ಮಾಡುವ ನಿನ್ನ ಕೆಲಸದ ಬಗ್ಗೆ ಪತ್ರದಲ್ಲಿ ಬರೆದ ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ‘ಬಟನ್ ಅಳತೆ, ಬಣ್ಣ, ಅಂತರ, ಎಲ್ಲ ಸ್ಟೈಲ್ ಗೈಡ್‌ನಲ್ಲೇ ಇದೆ. ನಾನಿಲ್ಲದಿದ್ದರೂ ಈ ಸ್ಕ್ರೀನ್ ಹೀಗೇ ಇರುತ್ತಿತ್ತು’ ಅಂತ ಬರೆದಿದ್ದೀಯ. ಸ್ಟೈಲ್ ಗೈಡ್ ಅಂದರೆ ನಿಮ್ಮ ವಿನ್ಯಾಸದ ನಿಯಮಗಳ ಪುಸ್ತಕ ತಾನೇ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕಪ್ಪು ಪರದೆ, ಹಸಿರು ಅಕ್ಷರ. ಒಂದು ಪ್ರೋಗ್ರಾಮಿನಿಂದ ಹೊರಬರಲು ಎಸ್ಕೇಪ್, ಇನ್ನೊಂದಕ್ಕೆ ಕ್ಯೂ. ಬರೆದವನ ಮರ್ಜಿ. 1987ರಲ್ಲಿ ಐಬಿಎಂ ‘ಕಾಮನ್ ಯೂಸರ್ ಆಕ್ಸೆಸ್’ ಅಂತ ಎಲ್ಲ ಪ್ರೋಗ್ರಾಮಿಗೂ ಒಂದೇ ನಿಯಮ ತಂದಿತು. ಎಫ್1 ಒತ್ತಿದರೆ ಹೆಲ್ಪ್, ಎಫ್3 ಒತ್ತಿದರೆ ಹೊರಗೆ. ನಮ್ಮ ಕಡೆ ಅದು ತಡವಾಗಿ ಬಂತು. ಬಂದಾಗ ನನಗೂ ಸಿಟ್ಟೇ. ಇನ್ನು ನನ್ನ ಕೈಚಳಕಕ್ಕೆ ಏನು ಬೆಲೆ ಅಂತ. ಆದರೆ ನಮ್ಮ ಪ್ರೋಗ್ರಾಂ ಬಳಸುತ್ತಿದ್ದ ಗುಮಾಸ್ತರು ಯಾವುದಕ್ಕೆ ಯಾವ ಕೀ ಅಂತ ಚೀಟಿ ಬರೆದು ಮಾನಿಟರ್ ಅಂಚಿಗೆ ಸಾಲಾಗಿ ಅಂಟಿಸಿಕೊಂಡಿದ್ದರು. ಒಂದು ಮಧ್ಯಾಹ್ನ ಅವರ ಪಕ್ಕ ಕೂತು ನೋಡಬಹುದಿತ್ತು. ಕೂರಲಿಲ್ಲ. ಈಗಲೂ ಕೊರೆಯುತ್ತೆ.

ಈಗ ನಾನೇ ಆ ಗುಮಾಸ್ತ. ಕಣ್ಣಿನ ಪೊರೆ ತೆಗೆಸುವ ಮುಂಚೆ ಒಂದು ಆ್ಯಪ್‌ನಲ್ಲಿ ಬಿಳಿ ಮೇಲೆ ತೆಳು ಬೂದು ಅಕ್ಷರ ಕಾಣದೆ ಒದ್ದಾಡಿದ್ದೇನೆ. ವೆಬ್ ಪುಟ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಡಬ್ಲ್ಯುಸಿಎಜಿ ನಿಯಮಾವಳಿಯಲ್ಲಿ ಸಾಧಾರಣ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ, ಬೇಕು ಅಂತಾರಲ್ಲ, ಅದು ನನ್ನಂಥವರಿಗೆ. ಅದನ್ನು ಪಾಲಿಸಿದ್ದಕ್ಕೆ ನೀನು ಚಿಕ್ಕವಳಾಗಲ್ಲ.

ಆದರೂ ನಿನ್ನ ಮಾತು ಪೂರ್ತಿ ಸುಳ್ಳು ಅನ್ನಲಾರೆ. ಬೇಜಾರು ಆಗುತ್ತೆ, ಆಗಲಿ. ಆದರೆ ಗೈಡ್‌ಗೆ ಕಾಣದ್ದೂ ಇರುತ್ತೆ. ಮೊನ್ನೆ ಒಂದು ಫಾರಂನಲ್ಲಿ ‘ರಾಷ್ಟ್ರೀಯತೆ’ ಅಂತಿತ್ತು. ಟ ಒತ್ತು, ಅದರ ಜೊತೆಗೆ ರ ಒತ್ತು, ಎರಡೂ ಅರ್ಧಕ್ಕೇ ಕತ್ತರಿಸಿ ಹೋಗಿದ್ದವು. ಇಂಗ್ಲಿಷ್ ಅಕ್ಷರ ನೋಡಿ ಸಾಲಿನ ಎತ್ತರ ಇಟ್ಟಿರಬೇಕು. ಆ ಅಳತೆ ಹಾಕಿದವರ ಪಕ್ಕ ನಿನ್ನಂಥವಳು ಇದ್ದಿದ್ದರೆ?

ಸಲಹೆ ಕೊಡೋಕೆ ನಾನ್ಯಾರು, ಹಳೇ ಕಾಲದವನು. ನಿಯಮ ಮುರಿಯಬೇಕು ಅನಿಸಿದರೆ ಅದು ಯಾಕೆ ಬಂತು ಅಂತ ಮೊದಲು ಕೇಳು. ಆಮೇಲೆ ಬೇಕಾದರೆ ಜಗಳ ಆಡು. ಮತ್ತೆ, ಆಗುವುದಾದರೆ, ಬಳಸುವವರ ಪಕ್ಕ ಸುಮ್ನೆ ಕೂತು ನೋಡು. ಇಷ್ಟು ನಿನಗೆ ಗೊತ್ತಿಲ್ಲದ್ದೇನಲ್ಲ.

ಒಂದು ಕೇಳಲಾ? ‘ನಾನಿಲ್ಲದಿದ್ದರೂ’ ಅನ್ನೋದು ನಿನಗೇ ಹೊಳೆದ ಮಾತಾ, ಇಲ್ಲ ಆಫೀಸಿನಲ್ಲಿ ಯಾರಾದರೂ ಅಂದರಾ? ಅಂದಿದ್ದರೆ ಮುಚ್ಚಿಡಬೇಡ, ಬರಿ.

ನಿನ್ನ ದೊಡ್ಡಪ್ಪ